ಎಂದರೆ ಸರಿಯಲ್ಲ

ಕೋರ್ಟಿನ ಮೆಟ್ಟಿಲು ಹತ್ತದ ಹೆಂಗಸರಿಗೂ ಸಾಕ್ಷಿಯ ಕಟಕಟೆ ಹೇಗಿರುತ್ತದೆಂದು ಸಿನಿಮಾ ನೋಡಿ ಗೊತ್ತಿರುತ್ತದೆ. ಸಿನಿಮಾದಲ್ಲಿ ತೋರಿಸದ ಸಂಗತಿಯೆಂದರೆ ಅದರ ಎತ್ತರ. ದೊಡ್ಡವರ ಎದೆಮಟ್ಟಕ್ಕೆ ಬರುವ ಆ ಮರದ ಪಟ್ಟಿಯ ಹಿಂದೆ ಒಂಬತ್ತು ವರ್ಷದ ಮಗುವನ್ನು ನಿಲ್ಲಿಸಿದರೆ ನ್ಯಾಯಾಧೀಶರಿಗೆ ಕಾಣುವುದು ಅದರ ಬೈತಲೆ ಮತ್ತು ಎರಡು ಕಣ್ಣು ಮಾತ್ರ. 1991ರ ಒಂದು ಬೆಳಿಗ್ಗೆ ನಮ್ಮ ಕೋರ್ಟಿನ ಜವಾನ ಗೋಡೆ ಗಡಿಯಾರಕ್ಕೆ ಕೀ ಕೊಡಲು ಹತ್ತುತ್ತಿದ್ದ ಸ್ಟೂಲನ್ನು ತಂದು ಕಟಕಟೆಯೊಳಗಿಟ್ಟು, "ಇದರ ಮೇಲೆ ನಿಂತ್ಕೊ ಪುಟ್ಟಿ, ಹೆದರ್ಕೋಬೇಡ" ಅಂದ. ಆ ದಿನ ಆ ಮಗುವಿಗೆ ಯಾರಾದರೂ ಮಾಡಿದ ಉಪಕಾರವೆಂದರೆ ಅದೊಂದೇ. ನಾನು ಮಾಡಿದ್ದು ಬೇರೆ.

ನಾನು ಆಗ ಅಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿ. ಜನರ ಬಾಯಲ್ಲಿ ಎ.ಪಿ.ಪಿ. ಮೇಡಂ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವ ಕೆಲಸ. ನಮ್ಮ ಹುದ್ದೆಗೆ ಅಷ್ಟೇನೂ ವಯಸ್ಸಾಗಿರಲಿಲ್ಲ. ಹಿಂದೆ ಕೆಳಗಿನ ಕೋರ್ಟುಗಳಲ್ಲಿ ಈ ಕೆಲಸವನ್ನು ಪೊಲೀಸ್ ಇಲಾಖೆಯ ಪ್ರಾಸಿಕ್ಯೂಟರುಗಳೇ ಮಾಡುತ್ತಿದ್ದರು. 1974ರ ಏಪ್ರಿಲ್ 1ರಂದು ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂದ ಮೇಲೆ ವಕೀಲಿಕೆ ಓದಿದವರನ್ನೇ ನೇಮಿಸಬೇಕೆಂದಾಯಿತು. ನಾನು ಸೇರಿದ್ದು 1988ರಲ್ಲಿ. ಕಪ್ಪು ಕೋಟು ಹಾಕಿದ ಹೆಂಗಸು ಸರ್ಕಾರದ ಕುರ್ಚಿಯಲ್ಲಿ ಕೂತಿದ್ದಾಳೆಂದು ನೋಡಲು ಸಂತೆಗೆ ಬಂದವರು ಕಿಟಕಿಯಲ್ಲಿ ಇಣುಕುತ್ತಿದ್ದರು.

ನನಗಿಂತ ಬಹಳ ಮುಂಚೆ ಒಬ್ಬಳು ಈ ಕೆಲಸ ಮಾಡಿದ್ದಳೆಂದು ನನಗೆ ತಿಳಿದದ್ದು ತಡವಾಗಿ. ಅವಳ ಹೆಸರು ಕಾರ್ನೀಲಿಯಾ ಸೊರಾಬ್ಜಿ. 1866ರಲ್ಲಿ ನಾಸಿಕದಲ್ಲಿ ಹುಟ್ಟಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿ, 1889ರಲ್ಲಿ ಆಕ್ಸ್‌ಫರ್ಡಿಗೆ ಹೋದಳು. 1892ರಲ್ಲಿ ಅಲ್ಲಿ ಕಾನೂನು ಪರೀಕ್ಷೆಗೆ ಕೂತ ಮೊದಲ ಹೆಂಗಸು ಅವಳೇ. ಪರೀಕ್ಷೆ ಪಾಸಾದರೂ ಪದವಿ ಕೊಡಲಿಲ್ಲ. ಆಕ್ಸ್‌ಫರ್ಡಿನವರು ಹೆಂಗಸರಿಗೆ ಪದವಿ ಕೊಡಲು ಒಪ್ಪಿದ್ದು 1920ರಲ್ಲಿ. ಊರಿಗೆ ಬಂದರೆ ಇಲ್ಲಿ ವಕೀಲಳಾಗಿ ವಾದಿಸಲು ಬಿಡಲಿಲ್ಲ. ಆಗ ಅವಳೇ ಒಂದು ದಾರಿ ಹುಡುಕಿದಳು. ಜಮೀನ್ದಾರ ಸತ್ತು, ವಾರಸುದಾರ ಇನ್ನೂ ಚಿಕ್ಕವನಾಗಿದ್ದರೆ, ಆ ಆಸ್ತಿಯನ್ನೂ ಮಗುವನ್ನೂ ಸರ್ಕಾರವೇ ನೋಡಿಕೊಳ್ಳುವ ಏರ್ಪಾಟಿಗೆ ಕೋರ್ಟ್ ಆಫ್ ವಾರ್ಡ್ಸ್ ಎನ್ನುತ್ತಿದ್ದರು. ಪರದೆಯೊಳಗಿನ ವಿಧವೆಯರ, ಅವರ ಮಕ್ಕಳ ಅಹವಾಲನ್ನು ಗಂಡಸು ಅಧಿಕಾರಿ ಕೇಳುವುದು ಹೇಗೆ? ಅದಕ್ಕೊಬ್ಬ ಕಾನೂನು ಬಲ್ಲ ಹೆಂಗಸು ಬೇಕೆಂದು ಸರ್ಕಾರಕ್ಕೆ ಬರೆದು ಬರೆದು, 1904ರಲ್ಲಿ ಬಂಗಾಳದಲ್ಲಿ ಆ ಹುದ್ದೆ ಪಡೆದಳು. ಮುಂದೆ ಬಿಹಾರ, ಒರಿಸ್ಸಾ, ಅಸ್ಸಾಮುಗಳೂ ಸೇರಿದವು. ಪಲ್ಲಕ್ಕಿ, ದೋಣಿ, ಆನೆ, ರೈಲು, ಏನು ಸಿಕ್ಕರೆ ಅದರಲ್ಲಿ ಹೋಗುತ್ತಿದ್ದಳಂತೆ. ಸುಮಾರು ಇಪ್ಪತ್ತು ವರ್ಷದಲ್ಲಿ ಆರುನೂರಕ್ಕೂ ಹೆಚ್ಚು ಹೆಂಗಸರು, ಮಕ್ಕಳ ಪರವಾಗಿ ಕೆಲಸ ಮಾಡಿದಳೆಂದು ಹೇಳುತ್ತಾರೆ. ಹೆಂಗಸರೂ ವಕೀಲರಾಗಬಹುದೆಂಬ ಕಾನೂನು 1923ರಲ್ಲಿ ಬರುವ ಹೊತ್ತಿಗೆ ಅವಳ ಸರ್ಕಾರಿ ನೌಕರಿಯೇ ಮುಗಿದಿತ್ತು. ಅವಳ ರಾಜಕೀಯ ನನಗೆ ಹಿಡಿಸುವುದಿಲ್ಲ. ಬ್ರಿಟಿಷರ ಪರ, ಗಾಂಧೀಜಿಯ ವಿರೋಧಿ. ಆದರೂ ಅವಳ ಆ ಓಡಾಟ ನೆನೆದಾಗ, ಕೆಂಪು ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲದೆ ಕೇಸಿನ ಕಟ್ಟು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದ ನನ್ನ ದಿನಗಳು ಸಣ್ಣವಾಗಿ ಕಾಣುತ್ತವೆ.

ಒಂದು ಮಾತು ಮಾತ್ರ ಇಲ್ಲಿ ಗಮನಿಸಬೇಕು. ಕಾರ್ನೀಲಿಯಾ ನೋಡಿಕೊಂಡ ಮಕ್ಕಳೆಲ್ಲ ಜಮೀನಿದ್ದ ಮಕ್ಕಳು. ಆಸ್ತಿ ಇದ್ದ ಮಗುವಿಗೆ ಸರ್ಕಾರ ಪೋಷಕ. ಆಸ್ತಿ ಇಲ್ಲದ ಮಗುವಿಗೆ? ಅದಕ್ಕೂ ಒಂದು ಕಾನೂನಿತ್ತು, 1850ರದು, ಅಪ್ರೆಂಟಿಸ್ ಕಾನೂನು. ಹತ್ತರಿಂದ ಹದಿನೆಂಟು ವರ್ಷದ ಬಡ ಮಕ್ಕಳನ್ನು, ತಬ್ಬಲಿಗಳನ್ನು ಯಾರಾದರೊಬ್ಬ ಯಜಮಾನನ ಬಳಿ ಕೆಲಸ ಕಲಿಯಲು ಕರಾರು ಮಾಡಿ ಬಿಡಬಹುದು. ತಬ್ಬಲಿಯಾದರೆ ಪೋಷಕನ ಸ್ಥಾನದಲ್ಲಿ ಮ್ಯಾಜಿಸ್ಟ್ರೇಟರೇ ಕರಾರು ಮಾಡಿಕೊಡಬಹುದು. ಅಂದರೆ ಉಳ್ಳವರ ಮಗುವನ್ನು ಸರ್ಕಾರ ಮನೆಯಲ್ಲಿಟ್ಟು ಕಾಯಿತು, ಇಲ್ಲದವರ ಮಗುವನ್ನು ದುಡಿಯಲು ಬಿಟ್ಟಿತು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟಿತು ಅನ್ನಿ. ಕೆಲಸ ಕಲಿತು ಬದುಕಲಿ ಎಂದು. ಕೆಲಸದ ಹುಡುಗಿಯನ್ನು ಮನೆಗೆ ತಂದುಕೊಳ್ಳುವಾಗ ನಾವು ಹೇಳಿಕೊಳ್ಳುವ ಮಾತೂ ಅದೇ ಅಲ್ಲವೆ?

ಮಕ್ಕಳಿಗೇ ಪ್ರತ್ಯೇಕವಾದ ಕಾನೂನುಗಳು ಬಂದದ್ದು ಆಮೇಲೆ. ಮದ್ರಾಸಿನಲ್ಲಿ 1920, ಬಂಗಾಳದಲ್ಲಿ 1922, ಮುಂಬಯಿಯಲ್ಲಿ 1924. ನಮ್ಮ ಮಂಗಳೂರು, ಬಳ್ಳಾರಿಗಳು ಆಗ ಮದ್ರಾಸಿಗೆ ಸೇರಿದ್ದವು, ಧಾರವಾಡ, ಬಿಜಾಪುರ, ಕಾರವಾರಗಳು ಮುಂಬಯಿಗೆ. ಹೀಗೆ ಕನ್ನಡದ ಮಕ್ಕಳೂ ಬೇರೆ ಬೇರೆ ಕಾನೂನಿಗೆ ಒಳಪಟ್ಟಿದ್ದರು. ಏಕೀಕರಣವಾದ ಮೇಲೆ 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಕ್ಕಳ ಕಾನೂನಾಯಿತು. 1986ರಲ್ಲಿ ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾನೂನು ಮಾಡಿ, 1987ರ ಗಾಂಧಿ ಜಯಂತಿಯಂದು ಜಾರಿಗೆ ತಂದರು. ನಾನು ಕೆಲಸಕ್ಕೆ ಸೇರಿದಾಗ ಆ ಪುಸ್ತಕದ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು.

ಈಗ ಸ್ಟೂಲಿನ ಮೇಲೆ ನಿಂತ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ಹೆಸರು, ಊರು ಬೇಡ. ಒಣಭೂಮಿಯ ಕಡೆಯಿಂದ ನಮ್ಮ ಊರಿನ ಒಬ್ಬ ಗೃಹಿಣಿಯ ಮನೆಗೆ ಬಂದವಳು. ಅಪ್ಪ ಮುಂಗಡವಾಗಿ ಹಣ ಪಡೆದಿದ್ದ. ಪಾತ್ರೆ, ಕಸಮುಸುರೆ, ಅಂಗಡಿ, ಮಗು ಆಡಿಸುವುದು, ಎಲ್ಲವೂ ಅವಳ ಕೆಲಸ. ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯ ಮೇಲೆ ಹೋಯಿತು. ಯಜಮಾನಿತಿ ದೋಸೆ ಮಗುಚುವ ಕೈಯನ್ನು ಕಾಯಿಸಿ ಅವಳ ಮುಂಗೈಯ ಮೇಲೆ ಎರಡು ಸಲ ಇಟ್ಟರು. ಇದು ದೋಷಾರೋಪ ಪಟ್ಟಿಯಲ್ಲಿದ್ದ ಸಂಗತಿ. ಪಕ್ಕದ ಮನೆಯ ಟೀಚರೊಬ್ಬರು ಗಾಯ ನೋಡಿ ಪೊಲೀಸರಿಗೆ ಬರೆದುಕೊಟ್ಟಿದ್ದರು. ಕಾಯಿಸಿದ ವಸ್ತುವಿನಿಂದ ಗಾಯ ಮಾಡಿದ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯ 324ನೆಯ ಕಲಮು. ಆ ಮಗುಚುವ ಕೈಗೆ ಖಾಕಿ ಕಾಗದ ಸುತ್ತಿ, ಅರಗಿನ ಮೊಹರು ಹಾಕಿ, ಮುದ್ದೆಮಾಲು ಎಂದು ನನ್ನ ಮೇಜಿನ ಮೇಲಿಟ್ಟಿದ್ದರು. ನಮ್ಮ ಮನೆಯಲ್ಲೂ ಅಂಥದೇ ಇತ್ತು, ಹಿಡಿಯೂ ಅದೇ ಮರದ್ದು.

ಹನ್ನೆರಡು ವರ್ಷದೊಳಗಿನ ಮಗುವಿಗೆ ಸತ್ಯ ಹೇಳಬೇಕೆಂಬುದು ತಿಳಿದಿದ್ದು, ಪ್ರಮಾಣವೆಂದರೇನೆಂದು ತಿಳಿಯದಿದ್ದರೆ ಪ್ರಮಾಣವಚನ ಬೋಧಿಸುವುದಿಲ್ಲ. 1969ರ ಕಾನೂನು ಹಾಗೆ ಹೇಳುತ್ತದೆ. ಅದಕ್ಕೂ ಹಿಂದೆ, 1952ರಲ್ಲಿ, ರಾಜಸ್ಥಾನದ ಎಂಟು ವರ್ಷದ ಹುಡುಗಿಯೊಬ್ಬಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪ್ರಮಾಣ ಮಾಡಿಸಲಿಲ್ಲವೆಂಬ ಕಾರಣಕ್ಕೇ ಮಗುವಿನ ಮಾತನ್ನು ತಳ್ಳಿಹಾಕಬಾರದೆಂದು ಹೇಳಿತ್ತು. ಆದ್ದರಿಂದ ನ್ಯಾಯಾಧೀಶರು ಮೊದಲು ನಾಲ್ಕು ಪ್ರಶ್ನೆ ಕೇಳಿ ಮಗುವಿಗೆ ತಿಳಿವಳಿಕೆ ಇದೆಯೇ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಮಕ್ಕಳು "ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾನೆ" ಅನ್ನುತ್ತವೆ. ಅಂದು ನಮ್ಮ ಮ್ಯಾಜಿಸ್ಟ್ರೇಟರು, "ಸುಳ್ಳು ಹೇಳಿದ್ರೆ ಏನಾಗುತ್ತಮ್ಮ?" ಎಂದು ಕೇಳಿದರು.

"ಹೊಡೀತಾರೆ."

"ನಿಜ ಹೇಳಿದ್ರೆ?"

ಹುಡುಗಿ ಆರೋಪಿಯ ಕಡೆ ನೋಡಿದಳು. ಉತ್ತರ ಹೇಳಲಿಲ್ಲ. ಸಾಕ್ಷಿಗೆ ಸತ್ಯ ಹೇಳಬೇಕೆಂಬ ತಿಳಿವಳಿಕೆ ಇದೆ ಎಂದು ಮ್ಯಾಜಿಸ್ಟ್ರೇಟರು ಬರೆಸಿದರು.

ನಾನು ಕೇಳಿದೆ. ಗಾಯ ಹೇಗಾಯಿತು? "ನಾನೇ ಜಾರಿ ಒಲೆ ಮೇಲೆ ಬಿದ್ದೆ." ಅಮ್ಮಾವ್ರು ಏನಾದರೂ ಮಾಡಿದರಾ? "ಇಲ್ಲ. ಅಮ್ಮಾವ್ರು ಒಳ್ಳೇರು." ಕಟಕಟೆಯ ಎದುರು ಹತ್ತು ಅಡಿ ದೂರದಲ್ಲಿ ಆರೋಪಿ ನಿಂತಿದ್ದರು, ಬಾಗಿಲ ಬಳಿ ಹುಡುಗಿಯ ಅಪ್ಪ. ರಾಜಿ ಅರ್ಜಿ ಹಾಕಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ, ಹುಡುಗಿಯಿಂದಲೇ ಇಲ್ಲವೆನ್ನಿಸಿದರೆ ಕ್ಲೀನಾಗಿ ಬಿಡುಗಡೆ. ಇದು ಎಲ್ಲರಿಗೂ ಗೊತ್ತಿದ್ದ ಉಪಾಯ.

ನನ್ನ ಕಡೆಯ ಸಾಕ್ಷಿ ತಿರುಗಿಬಿದ್ದಾಗ ಸರ್ಕಾರಿ ವಕೀಲರು ಏನು ಮಾಡಬೇಕೆಂಬುದಕ್ಕೆ ಪದ್ಧತಿಯಿದೆ. 1872ರ ಸಾಕ್ಷ್ಯ ಅಧಿನಿಯಮದ 154ನೆಯ ಕಲಮಿನಂತೆ ಅನುಮತಿ ಪಡೆದು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟಿಸವಾಲು ಮಾಡಬೇಕು. (ಆ ಅಧಿನಿಯಮ 2024ರ ಜುಲೈ 1ರಂದು ಹೋಗಿ ಹೊಸತು ಬಂದಿದೆ, ಆದರೆ ಈ ನಿಯಮ ಬೇರೆ ನಂಬರಿನಲ್ಲಿ ಹಾಗೇ ಉಳಿದಿದೆ.) ನಾನು ಎದ್ದು ನಿಂತು ಅನುಮತಿ ಕೇಳಿದೆ. ಸಿಕ್ಕಿತು. ನೂರು ಕೇಸಿನಲ್ಲಿ ದೊಡ್ಡವರಿಗೆ ಕೇಳಿದ ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕೇಳಿದೆ. ಟೈಪಿಸ್ಟು ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಹೊಡೆಯುತ್ತಾ ಹೋದ. "ನಾನು ಪೊಲೀಸರ ಮುಂದೆ ಹೇಳಿಕೆ ನೀಡಿದ್ದೇನೆ ಎಂದರೆ ಸರಿಯಲ್ಲ. ಆರೋಪಿಯು ನನ್ನ ಕೈಗೆ ಬರೆ ಹಾಕಿದರು ಎಂದರೆ ಸರಿಯಲ್ಲ. ನಾನು ಆರೋಪಿಯೊಂದಿಗೆ ರಾಜಿಯಾಗಿ ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಒಂಬತ್ತು ವರ್ಷದ ಮಗು, ಎಡಗೈಯನ್ನು ಲಂಗದ ಮಡಿಕೆಯಲ್ಲಿ ಮುಚ್ಚಿಕೊಂಡು, ಇಷ್ಟಕ್ಕೂ ತಲೆ ಅಲ್ಲಾಡಿಸಿತ್ತು. ಕೊನೆಯಲ್ಲಿ ಬೆರಳಿಗೆ ಮಸಿ ಹಚ್ಚಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಂಶಯದ ಲಾಭದ ಮೇಲೆ ಬಿಡುಗಡೆಯಾಯಿತು. ಹುಡುಗಿ ಅಪ್ಪನ ಜೊತೆ ಹೋದಳು. ಎಲ್ಲಿಗೆ ಎಂದು ಕೇಳುವ ಕಾಲಮು ನಮ್ಮ ರಿಜಿಸ್ಟರಿನಲ್ಲಿ ಇರಲಿಲ್ಲ.

ಅಂದು ಸಂಜೆ ಮನೆಗೆ ಹೋದಾಗ ಬಾಗಿಲು ತೆಗೆದವಳು ನಮ್ಮ ಮನೆಯ ಹುಡುಗಿ. ಹನ್ನೆರಡು ವರ್ಷ. ಸೊಂಟದ ಮೇಲೆ ನನ್ನ ಮಗ. "ಅಕ್ಕ, ಪಾಪು ಈಗ ತಾನೇ ಎದ್ದ" ಅಂದಳು.

ಹೌದು, ನಾನೂ ಒಬ್ಬಳನ್ನು ಇಟ್ಟುಕೊಂಡಿದ್ದೆ. ಕೆಲಸಕ್ಕೆ ಹೋಗುವ ಹೆಂಗಸರು ಆಗ ಹೆಚ್ಚುಕಡಿಮೆ ಎಲ್ಲರೂ ಇಟ್ಟುಕೊಂಡಿದ್ದರು. ನಾನು ಅವಳಿಗೆ ಬಯ್ದವಳಲ್ಲ, ಹೊಡೆದವಳಂತೂ ಅಲ್ಲ, ಹಬ್ಬಕ್ಕೆ ಲಂಗ ಹೊಲಿಸುತ್ತಿದ್ದೆ, ನಾವು ತಿಂದದ್ದನ್ನೇ ತಿನ್ನುತ್ತಿದ್ದಳು. ಇವೆಲ್ಲ ನಿಜ. ಅವಳು ಶಾಲೆ ಬಿಟ್ಟು ನನ್ನ ಮಗನನ್ನು ಎತ್ತಿಕೊಂಡಿದ್ದರಿಂದಲೇ ನಾನು ಕೋರ್ಟಿನಲ್ಲಿ ಇನ್ನೊಬ್ಬ ಕೆಲಸದ ಹುಡುಗಿಯ ಕೇಸು ನಡೆಸಲು ಸಾಧ್ಯವಾಗುತ್ತಿತ್ತು ಎಂಬುದೂ ಅಷ್ಟೇ ನಿಜ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಎರಡು ತಿಂಗಳಾದ ಮೇಲೆ ಅವಳನ್ನು ಅವಳ ಊರಿಗೆ ಕಳಿಸಿದೆ, ಶಾಲೆಗೆ ಸೇರಿಸಿ ಎಂದು ಕೈಯಲ್ಲಿ ಹಣ ಕೊಟ್ಟು. ಯುಗಾದಿಯ ಹೊತ್ತಿಗೆ ಅವಳು ಬೇರೆ ಊರಿನಲ್ಲಿ ಬೇರೆಯವರ ಮನೆಯಲ್ಲಿದ್ದಳೆಂದು ಕೇಳಿದೆ. ನಾನು ಕಳಿಸಿದ್ದು ನನ್ನ ಮನಸ್ಸಿನ ಸಮಾಧಾನಕ್ಕೆ. ಅವಳಿಗೆ ಮನೆ ಬದಲಾಯಿತು, ಅಷ್ಟೆ.

ಆಮೇಲೆ ಪುಸ್ತಕಗಳನ್ನು ತೆಗೆದು ಕೂತೆ. ನಾನು ಆ ಕೇಸಿನಲ್ಲಿ ಏನು ಮಾಡಬಹುದಿತ್ತು? ನೋಡುತ್ತಾ ಹೋದಂತೆ ನಾಚಿಕೆಯಾಯಿತು. 1986ರ ಬಾಲನ್ಯಾಯ ಕಾನೂನಿನಲ್ಲೇ ಮಗುವನ್ನು ತಮ್ಮ ವಶದಲ್ಲಿಟ್ಟುಕೊಂಡವರು ಹಿಂಸೆ ಕೊಟ್ಟರೆ ಆರು ತಿಂಗಳವರೆಗೆ ಸಜೆಯೆಂದು 41ನೆಯ ಕಲಮು ಇತ್ತು. ಪೊಲೀಸರು ಅದನ್ನು ಹಾಕಿರಲಿಲ್ಲ, ನಾನೂ ಸೇರಿಸಿ ಎಂದು ಕೇಳಿರಲಿಲ್ಲ. ದಿಕ್ಕಿಲ್ಲದ ಮಕ್ಕಳನ್ನು ಒಪ್ಪಿಸಲು ಬಾಲ ಕಲ್ಯಾಣ ಮಂಡಲಿ ಎಂಬುದೊಂದಿತ್ತು. ಹುಡುಗಿಯನ್ನು ಅದರ ಮುಂದೆ ಹಾಜರುಪಡಿಸಿ ಎಂದು ನಾನು ಹೇಳಬಹುದಿತ್ತು. ಸಾಕ್ಷಿಗೆ ಮುಂಚೆ ಅವಳು ಅಪ್ಪನ ಜೊತೆಗೋ ಯಜಮಾನಿತಿಯ ಜೊತೆಗೋ ಇರದೆ ಬೇರೆ ಕಡೆ ಇದ್ದಿದ್ದರೆ ಅವಳ ಉತ್ತರ ಬೇರೆಯಾಗುತ್ತಿತ್ತೋ ಏನೋ. ಮುಂಗಡ ಪಡೆದು ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರು ನಡೆಯದೆಂದು 1933ರಲ್ಲೇ ಬ್ರಿಟಿಷರು ಕಾನೂನು ಮಾಡಿದ್ದರು. ಒತ್ತೆಯಿಟ್ಟ ಅಪ್ಪನಿಗೆ ಐವತ್ತು ರೂಪಾಯಿ, ಇಟ್ಟುಕೊಂಡವರಿಗೆ ಇನ್ನೂರು ರೂಪಾಯಿವರೆಗೆ ದಂಡ. 1976ರಲ್ಲಿ ಜೀತ ನಿಷೇಧವಾಯಿತು. ಇವೆಲ್ಲ ಕಪಾಟಿನಲ್ಲಿದ್ದವು. ಓದಿದವರು ಯಾರು?

ಇನ್ನೊಂದು ಸಂಗತಿ ಮಾತ್ರ ಕಪಾಟಿನಲ್ಲೂ ಇರಲಿಲ್ಲ. 1986ರಲ್ಲೇ ಬಾಲಕಾರ್ಮಿಕ ಕಾನೂನು ಬಂದಿತ್ತು. ಬೀಡಿ ಕಟ್ಟುವುದು, ಬೆಂಕಿಪೊಟ್ಟಣ, ಪಟಾಕಿ, ರತ್ನಗಂಬಳಿ, ಹೀಗೆ ಮಕ್ಕಳನ್ನು ಹಚ್ಚಬಾರದ ಕೆಲಸಗಳ ಪಟ್ಟಿ ಅದರಲ್ಲಿತ್ತು. ಮನೆಗೆಲಸ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಆ ಗೃಹಿಣಿ ಹುಡುಗಿಗೆ ಬರೆ ಹಾಕಿದ್ದು ಅಪರಾಧ, ಒಂಬತ್ತು ವರ್ಷದವಳನ್ನು ಮುಂಜಾವದಿಂದ ರಾತ್ರಿಯವರೆಗೆ ದುಡಿಸಿದ್ದು ಆ ಕಾನೂನಿನ ಪ್ರಕಾರ ಅಪರಾಧವಲ್ಲ. ಕಾರ್ಖಾನೆಯ ಬಾಗಿಲು ತಟ್ಟಿದ ಕಾನೂನಿಗೆ ನಮ್ಮ ಅಡುಗೆಮನೆಯ ಬಾಗಿಲು ತಟ್ಟಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು, ಧಾಬಾಗಳಿಗೂ ಇಟ್ಟುಕೊಳ್ಳಬಾರದೆಂದಾಯಿತು. 2016ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿ, ಸ್ವಂತ ಮನೆಯವರಿಗೆ ಶಾಲೆ ಬಿಟ್ಟ ಮೇಲೆ ಸಹಾಯ ಮಾಡುವಂಥ ಕೆಲವನ್ನು ಬಿಟ್ಟು, ಆ ವಯಸ್ಸಿನೊಳಗೆ ಯಾವ ಕೆಲಸಕ್ಕೂ ಕೂಡದೆಂದರು.

2006ರ ಆ ಅಕ್ಟೋಬರಿನಲ್ಲಿ ನಮ್ಮ ಬೀದಿಯಲ್ಲಿ ಎಷ್ಟು ಜನ "ದೂರದ ನೆಂಟರ ಹುಡುಗಿಯರು" ಒಮ್ಮೆಗೇ ಹುಟ್ಟಿಕೊಂಡರೆಂದು ಬರೆದರೆ ನಗೆಬರಹವಾದೀತು. "ನಾವು ಇಟ್ಟುಕೊಳ್ಳದಿದ್ದರೆ ಅವಳಿಗೆ ಹೊಟ್ಟೆಗೆಲ್ಲಿ?" ಎಂದು ನನ್ನ ಗೆಳತಿಯೊಬ್ಬಳು ಜಗಳಕ್ಕೇ ಬಂದಳು. ಅವಳಿಗೆ ಉತ್ತರ ಹೇಳುವ ಯೋಗ್ಯತೆ ನನಗಿದೆಯೇ ಎಂದು ಯೋಚಿಸಿ ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಕೋರ್ಟಿನ ಒಳಗೂ ಸಂಗತಿಗಳು ನಿಧಾನವಾಗಿ ಬದಲಾದವು. 2004ರಲ್ಲಿ ಸುಪ್ರೀಂ ಕೋರ್ಟು, ಅತ್ಯಾಚಾರದಂಥ ಕೇಸುಗಳಲ್ಲಿ ನೊಂದ ಮಗುವಿಗೆ ಆರೋಪಿ ಕಾಣದಂತೆ ಪರದೆ ಕಟ್ಟಿ, ಎದುರು ವಕೀಲರ ಪ್ರಶ್ನೆಗಳನ್ನು ಬರೆದು ಕೊಟ್ಟರೆ ನ್ಯಾಯಾಧೀಶರೇ ಕೇಳಲಿ, ನಡುನಡುವೆ ಬಿಡುವು ಕೊಡಲಿ ಎಂದು ಹೇಳಿತು. 2012ರ ಮಕ್ಕಳ ದಿನದಂದು ಜಾರಿಗೆ ಬಂದ ಪೋಕ್ಸೋ ಕಾನೂನು ಅದನ್ನೆಲ್ಲ ಕಲಮುಗಳಾಗಿ ಬರೆಯಿತು. ಮಗುವನ್ನು ಮತ್ತೆ ಮತ್ತೆ ಕರೆಸಬಾರದು, ಗದರಿಸಿ ಕೇಳಬಾರದು, ನಂಬಿಕೆಯವರೊಬ್ಬರು ಜೊತೆಗಿರಬೇಕು, ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಸರ್ಕಾರಿ ವಕೀಲರೂ ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆ ಕಲಮನ್ನು ಓದಿದಾಗ ನನಗೆ 1991ರ ನನ್ನ ದನಿಯೇ ಕೇಳಿಸಿತು. ಆದರೆ ಈ ಪರದೆ, ಈ ಬಿಡುವು ಬಹಳ ಕಾಲ ಲೈಂಗಿಕ ಅಪರಾಧಗಳ ಕೇಸಿಗೆ ಮಾತ್ರ. ಬರೆ ಹಾಕಿಸಿಕೊಂಡ ಹುಡುಗಿ ಹಳೆಯ ಕಟಕಟೆಯಲ್ಲೇ ನಿಲ್ಲಬೇಕಿತ್ತು. ಎಲ್ಲ ಬಗೆಯ ದುರ್ಬಲ ಸಾಕ್ಷಿಗಳಿಗೂ ಬೇರೆ ಕೋಣೆಯ ವ್ಯವಸ್ಥೆ ಬೇಕೆಂದು ಸುಪ್ರೀಂ ಕೋರ್ಟು ವಿವರವಾಗಿ ಆದೇಶಿಸಿದ್ದು 2022ರ ಜನವರಿಯಲ್ಲಿ. ಅಷ್ಟರಲ್ಲಿ ನಾನು ನಿವೃತ್ತಳಾಗಿ ಮೂರು ವರ್ಷ.

ನಿವೃತ್ತಿಗೆ ಮುಂಚೆ, ಜಿಲ್ಲಾ ಕೋರ್ಟಿನಲ್ಲಿದ್ದಾಗ, ಪೋಕ್ಸೋ ಕೇಸುಗಳನ್ನು ನಡೆಸಿದೆ. ಅವುಗಳ ವಿವರ ಬರೆಯುವುದಿಲ್ಲ. ಒಂದು ಬೆಳಿಗ್ಗೆಯ ವಿಷಯ ಮಾತ್ರ ಹೇಳುತ್ತೇನೆ. ಹತ್ತು ವರ್ಷದ ಹುಡುಗಿ, ಅವಳಮ್ಮ, ನಾನು ಒಂದು ಚಿಕ್ಕ ಕೋಣೆಯಲ್ಲಿ ಕೂತಿದ್ದೆವು. ಗೋಡೆಗೆ ಯಾರೋ ಆನೆ, ಗಿಳಿ ಬರೆಸಿದ್ದರು. ಗಿಳಿಗೆ ನೀಲಿ ಬಣ್ಣ ಬಿದ್ದಿತ್ತು. ಒಳಗೆ ಏನೇನು ಇರುತ್ತದೆ, ಯಾರು ಎಲ್ಲಿ ಕೂತಿರುತ್ತಾರೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು, ನೀರು ಬೇಕಾದರೆ ಕೇಳಬಹುದು ಎಂದೆಲ್ಲ ಹೇಳಿದೆ. ಅವಳು ನನ್ನ ಕಪ್ಪು ಕೋಟಿನ ಗುಂಡಿಯನ್ನು ನೋಡುತ್ತಿದ್ದಳು.

"ಆಂಟಿ, ನೀವು ನನ್ನ ಕಡೆ ವಕೀಲ್ರಾ?"

ಕಾನೂನಿನ ಪ್ರಕಾರ ನಾನು ಸರ್ಕಾರದ ಕಡೆಯವಳು. ಮಗುವಿನ ಕಡೆಯವರು ಬೇಕಾದರೆ ಬೇರೆ ವಕೀಲರನ್ನು ಇಟ್ಟುಕೊಳ್ಳಬಹುದೆಂದು ಅದೇ ಪೋಕ್ಸೋದ 40ನೆಯ ಕಲಮು ಹೇಳುತ್ತದೆ. ಅಂಥವರು ಆ ದಿನ ಯಾರೂ ಇರಲಿಲ್ಲ, ಸಾಮಾನ್ಯವಾಗಿ ಇರುವುದೂ ಇಲ್ಲ. ಮೂವತ್ತು ವರ್ಷದ ಸರ್ವಿಸಿನಲ್ಲಿ ಈ ಪ್ರಶ್ನೆಯನ್ನು ನನಗೆ ಯಾವ ಮಗುವೂ ಕೇಳಿರಲಿಲ್ಲ. ಸ್ಟೂಲಿನ ಮೇಲೆ ನಿಂತವಳಿಗಂತೂ ಕೇಳಬಹುದೆಂದೇ ಗೊತ್ತಿರಲಿಲ್ಲ.

"ಹೌದು ಪುಟ್ಟಿ" ಅಂದೆ. ಅಷ್ಟರಲ್ಲಿ ಜವಾನ ಬಂದು ಬಾಗಿಲ ಹತ್ತಿರ ನಿಂತ. ಅವಳ ಹೆಸರನ್ನು ಕೂಗಲಿಲ್ಲ. ಈಗ ಹಾಗೆ ಕೂಗುವಂತಿಲ್ಲ. "ಬನ್ನಿ" ಅಂತ ಮೆಲ್ಲಗೆ ಹೇಳಿದ.